ಕರೆದರೆ ಓ ಎನ್ನುವವರು

ಕನ್ನಡದ ಅತ್ಯಂತ ಚಿಕ್ಕ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ನಾನು 'ಓ' ಎನ್ನುತ್ತೇನೆ. ಒಂದೇ ಅಕ್ಷರ. ಹಿತ್ತಿಲಿನಿಂದ ಅಮ್ಮ ಕೂಗಿದರೆ ಜಗಲಿಯಿಂದ ಮಕ್ಕಳು 'ಓ' ಎನ್ನುತ್ತಾರೆ. ನಾನು ಇಲ್ಲಿದ್ದೇನೆ, ನಿನ್ನ ಕೂಗು ನನಗೆ ಕೇಳಿಸಿತು, ಇನ್ನು ನೀನು ಕೂಗಬೇಕಾಗಿಲ್ಲ, ನಾನು ಬರುತ್ತೇನೆ - ಇಷ್ಟೂ ಆ ಒಂದು ಅಕ್ಷರದಲ್ಲಿ ಅಡಗಿದೆ. ಓ ಎಂದು ಹೇಳಿ ಬಾರದೆ ಹೋದ ಮಗುವಿಗೆ ಬೈಗುಳ ಬೀಳುತ್ತದೆ. ಕೇಳಿಸದೇ ಇದ್ದ ಮಗುವಿಗೆ ಬೀಳುವುದಿಲ್ಲ. ಏಕೆಂದರೆ ಓ ಎನ್ನುವುದು ಬರಿಯ ಶಬ್ದವಲ್ಲ, ಅದೊಂದು ಪುಟ್ಟ ವಚನ. ನಮ್ಮ ಭಾಷೆಯಲ್ಲಿ ಇದಕ್ಕೆ 'ಓಗೊಡುವುದು' ಎಂಬ ಪದವೇ ಇದೆ. ಕರೆದವರಿಗೆ ನಾವು ಏನನ್ನೋ ಕೊಡುತ್ತೇವೆ ಎಂದಾಯಿತಲ್ಲ!

ಈಗ ಯೋಚಿಸಿ. ಕರೆಯುವುದು ಒಬ್ಬರನ್ನು, ಓ ಎನ್ನುವವರು ಇನ್ನೊಬ್ಬರು, ಬರಬೇಕಾದವರು ಮೊದಲಿನವರೇ. ಹೀಗಾದಾಗ ಆ 'ಓ'ಗೆ ಹೊಣೆ ಯಾರು?

ಇದು ತರ್ಕದ ಕಸರತ್ತೆಂದು ತಿಳಿಯಬೇಡಿ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಸೊನೋರಾ ಮರುಭೂಮಿಯ ನಡುವೆ ಇರುವ ಫೀನಿಕ್ಸ್ ನಗರದಲ್ಲಿ, ಬೇಸಿಗೆಯ ದಿನಗಳಲ್ಲಿ ಇದು ಜೀವನ್ಮರಣದ ಪ್ರಶ್ನೆ. ಅಲ್ಲಿ ಮನೆಗಳಿಗೆ ಎ.ಸಿ. ಮತ್ತು ಹೀಟರ್ ಅಳವಡಿಸುವ, ಕೆಟ್ಟರೆ ರಿಪೇರಿ ಮಾಡುವ ಕಂಟ್ರಾಕ್ಟರುಗಳು ಬಹಳ. ಅವರ ಪರವಾಗಿ ಫೋನ್ ಎತ್ತಿ ಮಾತನಾಡುವುದಕ್ಕೆಂದೇ ಬೇರೆ ಸಂಸ್ಥೆಗಳಿವೆ. 'ಆನ್ಸರಿಂಗ್ ಸರ್ವಿಸ್' ಎಂದು ಅವಕ್ಕೆ ಹೆಸರು. ಅಂದರೆ ಓಗೊಡುವುದನ್ನೇ ಕಸುಬು ಮಾಡಿಕೊಂಡವರು. ಆ ಕಸುಬಿನ ಒಳಗಿರುವ ಧರ್ಮ ಯಾವುದು ಎಂಬುದು ನನ್ನನ್ನು ಬಹುಕಾಲದಿಂದ ಕಾಡಿದೆ. ನನ್ನ ತಂಗಿ ಫೀನಿಕ್ಸ್ ಪಕ್ಕದ ಚಾಂಡ್ಲರಿನಲ್ಲಿ ಸಂಸಾರ ಹೂಡಿರುವುದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಚಿತ್ರದುರ್ಗದ ಕಲ್ಲುಬಂಡೆಗಳ ಕಾವಿನಲ್ಲಿ ಬೆಳೆದ ನಮಗೆ ಬಿಸಿಲೇನೂ ಹೊಸದಲ್ಲ. ಎ.ಸಿ. ಎಂದರೆ ಶ್ರೀಮಂತರ ಶೋಕಿ ಎಂದೇ ನಮ್ಮ ಪೈಕಿ ಹಲವರ ಎಣಿಕೆ. ಆದರೆ ಫೀನಿಕ್ಸಿನ ಲೆಕ್ಕವೇ ಬೇರೆ. 1990ರ ಜೂನ್ 26ರಂದು ಅಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ, ಸಾಲಾಗಿ 31 ದಿನ, ಹಗಲಿನ ತಾಪ 43 ಡಿಗ್ರಿಯನ್ನು ದಾಟಿತು. ಆ ತಿಂಗಳ ಒಂದು ದಿನವಂತೂ ಬೆಳಗಿನ ಜಾವದ ಅತಿ ಕಡಿಮೆ ತಾಪವೇ 36 ಡಿಗ್ರಿ. ನಮ್ಮಲ್ಲಿ ಮಧ್ಯಾಹ್ನಕ್ಕೆ ಏರುವಷ್ಟು ಶಾಖ ಅಲ್ಲಿ ಕೋಳಿ ಕೂಗುವ ಹೊತ್ತಿಗೆ! ಆ ವರ್ಷ ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯಲ್ಲಿ, ಅಂದರೆ ಅಲ್ಲಿನ ಜಿಲ್ಲೆಯಲ್ಲಿ, ಬಿಸಿಲಿನಿಂದಾಗಿ 645 ಜನ ಸತ್ತರೆಂದು ಸರ್ಕಾರಿ ಲೆಕ್ಕವೇ ಹೇಳುತ್ತದೆ. ಸತ್ತವರೆಲ್ಲ ಬೀದಿಯಲ್ಲಿದ್ದವರಲ್ಲ. ತಮ್ಮ ಮನೆಯೊಳಗೇ ಸತ್ತವರೂ ಇದ್ದಾರೆ. ಮನೆಯೊಳಗೆ ಸತ್ತವರಲ್ಲಿ ಹೆಚ್ಚಿನವರ ಮನೆಯಲ್ಲಿ ಎ.ಸಿ. ಇತ್ತು, ಆದರೆ ಅದು ಓಡುತ್ತಿರಲಿಲ್ಲ.

ಹಿಂದೆ ಅಲ್ಲಿಯ ಜನ ಜಾಲರಿ ಹಾಕಿದ ಜಗಲಿಗಳಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗುತ್ತಿದ್ದರಂತೆ. ಆಮೇಲೆ ನೀರು ಹನಿಸಿ ಗಾಳಿ ಬೀಸುವ ಕೂಲರುಗಳು ಬಂದವು, ಅವುಗಳ ಬೆನ್ನಿಗೆ ಎ.ಸಿ. ಬಂತು. ಆ ಯಂತ್ರದ ಮೇಲೆ ಭರವಸೆಯಿಟ್ಟು ಊರು ಬೆಳೆಯಿತು. ಈಗ ನಗರವೊಂದರಲ್ಲೇ 16 ಲಕ್ಷ ಜನ. ಮರುಭೂಮಿಯ ಚಳಿಗಾಲದ ರಾತ್ರಿ ಕೊರೆಯುವುದರಿಂದ ಅದೇ ಯಂತ್ರ ಆಗ ಮನೆಯನ್ನು ಬೆಚ್ಚಗೂ ಇಡಬೇಕು. ಬಹಳಷ್ಟು ಮನೆಗಳಲ್ಲಿ ಅದು ಮಾಳಿಗೆಯ ಮೇಲೆ ಕೂತಿರುತ್ತದೆ. ಅಂದರೆ ರಿಪೇರಿ ಮಾಡುವವನು ಆ ಸುಡುಬಿಸಿಲಲ್ಲಿ ಮಾಳಿಗೆ ಹತ್ತಬೇಕು. ಇಲ್ಲವೇ ಸೂರಿನ ಕೆಳಗಿನ ಅಟ್ಟದಲ್ಲಿ ತೆವಳಬೇಕು. ಆ ಅಟ್ಟದೊಳಗಿನ ಶಾಖ 60 ಡಿಗ್ರಿಯನ್ನೂ ಮೀರುವುದುಂಟು.

ಈ ಕಂಟ್ರಾಕ್ಟರುಗಳಲ್ಲಿ ಬಹಳ ಜನ ಸಣ್ಣವರು. ಎರಡು ವ್ಯಾನು, ಮೂರು ಆಳು. ಅವನು ಮಾಳಿಗೆಯ ಮೇಲೆ ಎರಡೂ ಕೈಯಲ್ಲಿ ತಂತಿ ಹಿಡಿದಿರುವಾಗ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಎತ್ತುವಂತಿಲ್ಲ. ಎತ್ತದಿದ್ದರೆ ಕರೆದವರು ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಫೋನ್ ಮಾಡುತ್ತಾರೆ. ಆ ಗಿರಾಕಿ ಕೈಬಿಟ್ಟಂತೆಯೇ. ಅದಕ್ಕೆ ಅವನು ತನ್ನ ಫೋನನ್ನು ಆನ್ಸರಿಂಗ್ ಸರ್ವಿಸಿಗೆ ತಿರುಗಿಸಿಬಿಡುತ್ತಾನೆ. ಅಲ್ಲಿ ಕೂತವಳ ಎದುರಿನ ಪರದೆಯ ಮೇಲೆ ಯಾವ ಕಂಪನಿಗೆ ಬಂದ ಕರೆ ಎಂಬುದು ಮೂಡುತ್ತದೆ. ಅವಳು ಆ ಕಂಪನಿಯ ಹೆಸರು ಹೇಳಿ ನಮಸ್ಕರಿಸುತ್ತಾಳೆ. ಒಂದು ನಿಮಿಷ ಒಂದು ಕಂಪನಿಯವಳು, ಮರುನಿಮಿಷ ಇನ್ನೊಂದರವಳು. ಹೆಸರು, ವಿಳಾಸ, ಫೋನ್ ನಂಬರು, ಯಂತ್ರ ಎಷ್ಟು ಹಳೆಯದು, ಗಾಳಿ ಬರುತ್ತಿದೆಯೇ, ಬಿಸಿಗಾಳಿಯೇ, ಮನೆಯಲ್ಲಿ ವಯಸ್ಸಾದವರು, ಎಳೆಗೂಸು, ಕಾಯಿಲೆಯವರು ಇದ್ದಾರೆಯೇ ಎಂದು ಕೇಳಿ ಬರೆದುಕೊಳ್ಳುತ್ತಾಳೆ. ರಾತ್ರಿಪಾಳಿಯ ಮೆಕ್ಯಾನಿಕ್ಕನ್ನು ಈಗಲೇ ಎಬ್ಬಿಸಬೇಕೋ, ಬೆಳಗಿನ ಪಟ್ಟಿಗೆ ಸೇರಿಸಿದರೆ ಸಾಕೋ ಎಂಬುದನ್ನು ಕೊಟ್ಟಿರುವ ನಿಯಮದಂತೆ ತೀರ್ಮಾನಿಸುತ್ತಾಳೆ. ಎಷ್ಟೋ ಕಡೆ ಸಂಸ್ಥೆಗೆ ಕೂಲಿ ನಿಮಿಷದ ಲೆಕ್ಕದಲ್ಲಿ.

ಇದೆಲ್ಲ ದೂರದ ದೇಶದ ವಿಚಿತ್ರವೆನಿಸಿತೇ? ನಮ್ಮ ಊರುಗಳಲ್ಲಿ ಈ ಕೆಲಸವನ್ನು ಹೆಂಡತಿಯರು ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದಾರೆ. ಡಾಕ್ಟರ ಮನೆಯ ಬಾಗಿಲು ಅಪರಾತ್ರಿಯಲ್ಲಿ ಬಡಿದರೆ ಮೊದಲು ಬರುವವರು ಅವರ ಹೆಂಡತಿ. ಪುರೋಹಿತರ ಮನೆಗೆ ಫೋನ್ ಮಾಡಿದರೆ "ಅವರು ಗೃಹಪ್ರವೇಶಕ್ಕೆ ಹೋಗಿದ್ದಾರಮ್ಮ, ಬಂದಮೇಲೆ ಹೇಳ್ತೀನಿ" ಎನ್ನುವುದು ಅವರ ಮನೆಯಾಕೆ. ಪಂಪು ರಿಪೇರಿಯವನು, ಬಾವಿ ತೋಡುವವನು, ಶಾಮಿಯಾನದವನು - ಇವರೆಲ್ಲರ ಗಿರಾಕಿಗಳ ಸಿಟ್ಟು ಮೊದಲು ಬೀಳುವುದು ಆಯಾ ಮನೆಯ ಹೆಂಗಸರ ಮೇಲೆ. "ಇವತ್ತು ಬರ್ತಾರೆ ಅಂದ್ರಲ್ಲ, ಎಲ್ಲಿ?" ಎಂದು ಕೇಳಿದಾಗ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಏನೋ ಒಂದು ಸಮಾಧಾನ ಹೇಳುವವರು ಇವರೇ. ತಾವು ಮಾಡದ ತಪ್ಪಿಗೆ ತಾವು ತಲೆ ತಗ್ಗಿಸುವುದು, ತಮ್ಮ ಕೈಯಲ್ಲಿಲ್ಲದ ಕೆಲಸಕ್ಕೆ ತಾವು ಮಾತು ಕೊಡುವುದು ಹೆಣ್ಣುಮಕ್ಕಳಿಗೆ ಹೊಸದೇನಲ್ಲ.

ಟೆಲಿಫೋನಿನ ಚರಿತ್ರೆ ನೋಡಿದರೂ ಇದೇ ಕಾಣುತ್ತದೆ. ಮೊದಮೊದಲು ಅಮೆರಿಕದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಹುಡುಗರನ್ನು ಇಟ್ಟುಕೊಂಡಿದ್ದರು. ಅವರು ಗಿರಾಕಿಗಳ ಮೇಲೆ ರೇಗುವುದು, ಪೋಕರಿ ಮಾಡುವುದು ಹೆಚ್ಚಾಯಿತು. 1878ರ ಸೆಪ್ಟೆಂಬರ್ 1ರಂದು ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬಾಕೆಯನ್ನು ಆ ಕೆಲಸಕ್ಕೆ ಸೇರಿಸಿಕೊಂಡರು. ಆಕೆಯೇ ಪ್ರಪಂಚದ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್. ಮೃದುವಾದ ದನಿ, ತಾಳ್ಮೆಯ ಮಾತು, ಗಿರಾಕಿಗಳು ಮೆಚ್ಚಿದರು. ಅಲ್ಲಿಂದ ಈ ಕೆಲಸ ಹೆಂಗಸರ ಪಾಲಾಯಿತು. ಮುಂದೆ ಆನ್ಸರಿಂಗ್ ಸರ್ವಿಸುಗಳು ಹುಟ್ಟಿಕೊಂಡಾಗಲೂ ಅಲ್ಲಿ ಹೆಂಗಸರ ದನಿಯೇ. ಅವರನ್ನು ಕುರಿತು 1956ರಲ್ಲಿ 'ಬೆಲ್ಸ್ ಆರ್ ರಿಂಗಿಂಗ್' ಎಂಬ ಸಂಗೀತ ನಾಟಕ ನ್ಯೂಯಾರ್ಕಿನಲ್ಲಿ ಬಂತು. 1960ರಲ್ಲಿ ಅದು ಸಿನಿಮಾ ಆಯಿತು. ಅದರ ನಾಯಕಿಗೆ ಬರಿಯ ಸುದ್ದಿ ಮುಟ್ಟಿಸಿ ಸುಮ್ಮನಿರಲು ಆಗುವುದಿಲ್ಲ. ಫೋನಿನಲ್ಲಿ ಕೇಳಿದವರ ಕಷ್ಟಸುಖಗಳಿಗೆಲ್ಲ ಮನಸ್ಸು ಕೊಡುತ್ತಾಳೆ, ತೊಂದರೆಗೂ ಸಿಕ್ಕಿಕೊಳ್ಳುತ್ತಾಳೆ. ನಗೆ ನಾಟಕವಾದರೂ ಅದರೊಳಗಿನ ಪ್ರಶ್ನೆ ನಗೆಯದಲ್ಲ. ದನಿಯನ್ನು ಬಾಡಿಗೆಗೆ ಕೊಟ್ಟವಳು ಮನಸ್ಸನ್ನೂ ಕೊಡಬೇಕೇ?

2024ರ ಬೇಸಿಗೆ ರಜೆಯಲ್ಲಿ ನಾನು ತಂಗಿಯ ಮನೆಯಲ್ಲಿದ್ದೆ. ಮೇ ತಿಂಗಳ ಒಂದು ಸಂಜೆ, ಹೊರಗೆ 40ರ ಆಸುಪಾಸು. ಮನೆಯಲ್ಲಿ ಸದಾ ಕೇಳಿಸುತ್ತಿದ್ದ ಗುಂಯ್ ಶಬ್ದ ಇದ್ದಕ್ಕಿದ್ದಂತೆ ನಿಂತಿತು. ಅರ್ಧ ಗಂಟೆಯೊಳಗೆ ಗೋಡೆಗಳು ಬೆಚ್ಚಗಾದವು. ತಂಗಿಯ ಅತ್ತೆಗೆ 78 ವರ್ಷ, ರಕ್ತದೊತ್ತಡ ಬೇರೆ. ತಂಗಿ ಫೋನ್ ಮಾಡಿದಳು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಎತ್ತಿದಾಕೆಯ ದನಿ ನಡುವಯಸ್ಸಿನದು. ಪ್ರಶ್ನೆಗಳನ್ನೆಲ್ಲ ಕೇಳಿ ಬರೆದುಕೊಂಡಳು. ಅತ್ತೆಯ ವಿಷಯ ತಿಳಿದೊಡನೆ ಬಿಸಿಲು ಬೀಳುವ ಕಡೆ ಪರದೆ ಎಳೆಯಿರಿ, ಅವರಿಗೆ ಆಗಾಗ ನೀರು ಕೊಡಿ, ತಲೆ ಸುತ್ತುತ್ತದೆ ಎಂದರೆ ನಮ್ಮನ್ನು ಕಾಯಬೇಡಿ, ಆಂಬುಲೆನ್ಸ್ ಕರೆಸಿ ಎಂದಳು. ಬೇಸಿಗೆಯಲ್ಲಿ ಆ ಕೌಂಟಿಯಲ್ಲಿ ಯಾರು ಬೇಕಾದರೂ ಹೋಗಿ ತಣ್ಣಗೆ ಕೂರಬಹುದಾದ ಲೈಬ್ರರಿ, ಸಮುದಾಯ ಭವನಗಳಿವೆ. ಬೇಕಿದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ ಎಂದೂ ಸೇರಿಸಿದಳು.

ತಂಗಿ ಕೇಳಿದಳು, "ನಿಮ್ಮ ಮೆಕ್ಯಾನಿಕ್ ಎಷ್ಟು ಹೊತ್ತಿಗೆ ಬರುತ್ತಾರೆ?"

ಆಕೆ ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ. ನಾನು ಮೆಕ್ಯಾನಿಕ್ ಅಲ್ಲ, ಈ ಕಂಪನಿಯ ಆಫೀಸಿನಲ್ಲೂ ಇಲ್ಲ. ಅವರು ಬರುವ ಹೊತ್ತನ್ನು ನಾನು ಹೇಳಲಾರೆ. ನಾನು ಹೇಳಬಲ್ಲದ್ದು ಇಷ್ಟು: ಐದು ನಿಮಿಷದೊಳಗೆ ಈ ವಿಷಯ ಅವರಿಗೆ ಮುಟ್ಟುತ್ತದೆ. ಅರ್ಧ ಗಂಟೆಯಲ್ಲಿ ಅವರು ನಿಮಗೆ ಫೋನ್ ಮಾಡದಿದ್ದರೆ ನಾನೇ ಮಾಡುತ್ತೇನೆ. ಇದು ಅವಳ ಮಾತಿನ ಸಾರ.

ಅರ್ಧ ಗಂಟೆ ಕಳೆಯಿತು. ಫೋನ್ ಬಂತು, ಬಂದದ್ದು ಅವಳದೇ. ಅವರು ಇನ್ನೊಂದು ಮನೆಯ ಮಾಳಿಗೆಯ ಮೇಲಿದ್ದಾರೆ, ಮಾತಾಡಿಸಿದ್ದೇನೆ, ಒಂಬತ್ತರ ಮೇಲೆ ಬರುತ್ತೇನೆಂದು ಅವರೇ ಹೇಳಿದ್ದಾರೆ ಎಂದಳು. ಹತ್ತಕ್ಕೆ ಆತ ಬಂದ. ಕೆಟ್ಟಿದ್ದು ಕೆಪಾಸಿಟರ್ ಎಂಬ, ನೀರು ಕುಡಿಯುವ ಲೋಟದಷ್ಟು ದೊಡ್ಡ ಒಂದು ಭಾಗ. ಬೇಸಿಗೆಯ ಶಾಖಕ್ಕೆ ಮೊದಲು ಸಾಯುವುದು ಅದೇ ಅಂತೆ. ಇಪ್ಪತ್ತು ನಿಮಿಷದಲ್ಲಿ ಬದಲಿಸಿದ. ಮೇ ತಿಂಗಳಾದ್ದರಿಂದ ರಾತ್ರಿಗೆ ಹೊರಗಿನ ಗಾಳಿ ತಂಪಾಗಿತ್ತು, ಅಪಾಯವೇನೂ ಆಗಲಿಲ್ಲ. ಜುಲೈ ಆಗಿದ್ದರೆ ಆ ನಾಲ್ಕೈದು ಗಂಟೆಗಳ ಬೆಲೆಯೇ ಬೇರೆ.

ನಮ್ಮ ಕಣ್ಣಿಗೆ ಕಾಣದ ಆ ಹೆಂಗಸು ಏನನ್ನೂ ರಿಪೇರಿ ಮಾಡಲಿಲ್ಲ. ಆದರೆ ತನ್ನದಲ್ಲದ ಮಾತನ್ನು ಕೊಡಲಿಲ್ಲ, ತನ್ನದಾದ ಮಾತನ್ನು ತಪ್ಪಲಿಲ್ಲ. ಇಷ್ಟರಲ್ಲಿ ಒಂದು ದೊಡ್ಡ ನೀತಿಯೇ ಇದೆ ಎಂದು ನನಗನ್ನಿಸಿತು. ಹಾಗೆ ಅನ್ನಿಸಲು ಕಾರಣಳಾದವಳು ನಾನು ಮೊದಲು ಹೇಳಿದ ಹಳೆಯ ವಿದ್ಯಾರ್ಥಿನಿ.

ಅವಳು ನನ್ನ ಹತ್ತಿರ ಹತ್ತನೆಯ ತರಗತಿಯವರೆಗೆ ಓದಿದವಳು. ಡಿಗ್ರಿ ಮುಗಿಸಿ 2006ರ ಸುಮಾರಿಗೆ ಬೆಂಗಳೂರಿನ ಒಂದು ಕಾಲ್ ಸೆಂಟರಿಗೆ ಸೇರಿದಳು. ಅಮೆರಿಕದ ಬೇರೆ ಬೇರೆ ವ್ಯಾಪಾರಿಗಳ ಫೋನುಗಳಿಗೆ ಬೆಂಗಳೂರಿನಲ್ಲಿ ಕೂತು ಉತ್ತರಿಸುವ ಕೆಲಸ. ಅವರಲ್ಲಿ ಅರಿಜೋನಾದ ಎ.ಸಿ. ರಿಪೇರಿಯವರೂ ಇದ್ದರು. ಅರಿಜೋನಾಕ್ಕೂ ನಮಗೂ ಹನ್ನೆರಡೂವರೆ ಗಂಟೆಯ ಅಂತರ. ಅಲ್ಲಿ ಸಂಜೆ ನಾಲ್ಕು, ಬಿಸಿಲು ನೆತ್ತಿ ಸುಡುವ ಹೊತ್ತು; ಇಲ್ಲಿ ಬೆಳಗಿನ ಜಾವ ನಾಲ್ಕೂವರೆ. ಎ.ಸಿ. ಹಾಕಿದ ಹಾಲಿನಲ್ಲಿ ಶಾಲು ಹೊದ್ದು, ನಡುಗುತ್ತ, ಬೆಂದುಹೋಗುತ್ತಿರುವವರ ಮಾತು ಕೇಳುತ್ತಿದ್ದೆ ಎಂದು ಅವಳು ನಗುತ್ತ ಹೇಳಿದ್ದಳು. ಒಂದು ದೀಪಾವಳಿಗೆ ಊರಿಗೆ ಬಂದವಳು ನನ್ನನ್ನು ನೋಡಲು ಬಂದಾಗ ಆ ನಗು ಇರಲಿಲ್ಲ.

"ಮೇಡಂ, ನಾನು ದಿನಾ ಸುಳ್ಳು ಹೇಳ್ತಿದ್ದೀನಾ?" ಎಂದು ಕೇಳಿದಳು.

ನಾನು ಬಿಡಿಸಿ ಹೇಳು ಎಂದೆ. ಅವಳು ಹೇಳಿದ್ದು ಮೂರು ಬಗೆಯ ಸುಳ್ಳು. ಒಂದು, ತನ್ನದಲ್ಲದ ಅಮೆರಿಕದ ಹೆಸರು ಹೇಳಿಕೊಳ್ಳುವುದು. ಎರಡು, ದಿನಕ್ಕೆ ನೂರು ಸಲ "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ" ಎನ್ನುವುದು. ಮೂರು, ಮೆಕ್ಯಾನಿಕ್ಕಿಗೆ ಎರಡು ದಿನ ಪುರಸೊತ್ತಿಲ್ಲ ಎಂದು ಎದುರಿನ ಪರದೆ ಹೇಳುತ್ತಿದ್ದರೂ "ಆದಷ್ಟು ಬೇಗ ಬರುತ್ತಾರೆ" ಎನ್ನುವುದು. ಹಾಗೆ ಹೇಳಬೇಕೆಂದು ಅವಳ ಮುಂದಿಟ್ಟ ಹಾಳೆಯಲ್ಲಿ ಬರೆದಿತ್ತು. ಒಂದು ದಿನ ಒಬ್ಬ ಮುದುಕರು ಫೋನ್ ಮಾಡಿದ್ದಾರೆ. ಒಂಟಿ, ಮನೆ ಕಾದುಹೋಗಿದೆ. ಇವಳಿಗೆ ತಡೆಯಲಾಗಲಿಲ್ಲ. "ಸಾರ್, ಇವತ್ತು ನಮ್ಮ ಕಡೆಯಿಂದ ಆಗಲ್ಲ. ಬೇರೆಯವರಿಗೂ ಫೋನ್ ಮಾಡಿ ನೋಡಿ, ಅಲ್ಲಿಯವರೆಗೆ ಎಲ್ಲಾದರೂ ತಣ್ಣಗಿರೋ ಕಡೆ ಹೋಗಿ" ಎಂದುಬಿಟ್ಟಿದ್ದಾಳೆ. ಆ ಕರೆ ಧ್ವನಿಮುದ್ರಣವಾಗಿತ್ತು. ಗಿರಾಕಿಯನ್ನು ಕೈಯಾರೆ ಎದುರಾಳಿಗೆ ಕಳಿಸಿಕೊಟ್ಟೆ ಎಂದು ಮೇಲಿನವರು ಗದರಿಸಿದರು, ಆ ತಿಂಗಳ ಇನಾಮು ಕತ್ತರಿಸಿದರು.

"ಅವರ ಸಂಬಳ ತಿಂದು ಅವರಿಗೇ ನಷ್ಟ ಮಾಡಿದೆ ಅಂತಾರೆ ಮೇಡಂ. ಉಂಡ ಮನೆಗೆ ಎರಡು ಬಗೆದ ಹಾಗಾಯ್ತಾ?"

ಒಂದೊಂದಾಗಿ ನೋಡೋಣ. ಹೆಸರಿನ ಸುಳ್ಳು ಚಿಕ್ಕದು. ಅದರಿಂದ ಕರೆದವರಿಗೆ ಕೆಡುಕಿಲ್ಲ; ಕೆಡುಕಾಗುವುದಿದ್ದರೆ ಅದು ಹೆಸರು ಕಳೆದುಕೊಂಡವಳಿಗೆ. ಅಪ್ಪ ಅಮ್ಮ ತೊಟ್ಟಿಲಲ್ಲಿಟ್ಟು ಕರೆದ ಹೆಸರನ್ನು ಪ್ರತಿ ರಾತ್ರಿ ಬಾಗಿಲಾಚೆ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗುವುದು ಸಣ್ಣ ಅವಮಾನವಲ್ಲ. ಆದರೆ ಅದರ ಲೆಕ್ಕ ಕೊಡಬೇಕಾದವರು ಅವಳಲ್ಲ, ಹಾಗೆ ಮಾಡಿಸಿದವರು.

ಎರಡನೆಯದು, ಕೂಲಿಯ ಕನಿಕರ. ಸಂಬಳಕ್ಕಾಗಿ ತೋರುವ ಪ್ರೀತಿ ಸುಳ್ಳೇ? ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಗಗನಸಖಿಯರ ನಗುವನ್ನು ಅಭ್ಯಾಸ ಮಾಡಿ 1983ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಭಾವನೆಯನ್ನು ಹದದಲ್ಲಿಡುವುದೂ ಒಂದು ದುಡಿಮೆ, ಅದಕ್ಕೂ ದಣಿವಿದೆ ಎಂದು ತೋರಿಸಿದರು. ನನಗೆ ಇದು ಪಾಠ ಮಾಡಿಯೇ ಗೊತ್ತು. ಮನೆಯಲ್ಲಿ ಎಂಥ ಸಂಕಟವಿದ್ದರೂ ತರಗತಿಗೆ ಕಾಲಿಟ್ಟಾಗ ಮಕ್ಕಳ ಮುಂದೆ ನಗುತ್ತೇವೆ. ಆ ನಗುವಿಗೆ ಸರ್ಕಾರ ಸಂಬಳ ಕೊಡುತ್ತದೆ. ಹಾಗೆಂದು ಅದು ಸುಳ್ಳು ನಗುವೇ? ಮೊದಲ ಗಳಿಗೆಯಲ್ಲಿ ಇರಬಹುದು. ಆದರೆ ಹಿಂದಿನ ಬೆಂಚಿನಲ್ಲಿ ಒಂದು ಮಗು ಮುಖ ಬಾಡಿಸಿ ಕೂತಿರುವುದು ಕಂಡಾಗ, ಹತ್ತಿರ ಹೋಗಿ ಏನಾಯಿತೆಂದು ಕೇಳಿದಾಗ, ಅದು ನಿಜವಾಗುತ್ತದೆ. ಆಸ್ಪತ್ರೆಯ ನರ್ಸಿನ ಮೃದುತ್ವವೂ ಹೀಗೆಯೇ. ಕನಿಕರ ಎದೆಯಲ್ಲಿ ಎಷ್ಟು ಉಕ್ಕಿತು ಎಂಬುದಕ್ಕಿಂತ, ಅದರ ದೆಸೆಯಿಂದ ಕೈ ಏನು ಮಾಡಿತು ಎಂಬುದು ಮುಖ್ಯ. ವಿಳಾಸ ಸರಿಯಾಗಿ ಬರೆದುಕೊಂಡು, ಮುದುಕರಿದ್ದಾರೆ ಎಂಬ ಮಾತನ್ನು ಮರೆಯದೆ ಮುಟ್ಟಿಸಿದರೆ "ನಿಮ್ಮ ಕಷ್ಟ ಅರ್ಥವಾಗುತ್ತದೆ" ಎಂಬುದು ನಿಜವಾದ ಮಾತು. ಕರೆದವರನ್ನು ಸುಮ್ಮನಾಗಿಸಲು ಮಾತ್ರ ಹೇಳಿದರೆ, ಎಷ್ಟೇ ಜೇನಿನಂಥ ದನಿಯಲ್ಲಿ ಹೇಳಿದರೂ, ಅದು ಸುಳ್ಳು.

ಮೂರನೆಯದು ನಿಜವಾದ ಪಾಪ. "ಆದಷ್ಟು ಬೇಗ" ಎಂಬುದು ಪೂರಾ ಸುಳ್ಳೂ ಅಲ್ಲ; ಅದೇ ಅದರ ಕೆಟ್ಟತನ. ಕುರುಕ್ಷೇತ್ರದಲ್ಲಿ ಅಶ್ವತ್ಥಾಮ ಎಂಬ ಆನೆಯನ್ನು ಕೊಲ್ಲಿಸಿ, ಅಶ್ವತ್ಥಾಮ ಸತ್ತನೆಂದು ಧರ್ಮರಾಯ ದ್ರೋಣರಿಗೆ ಹೇಳಿದ. ಆನೆ ಎಂಬ ಪದವನ್ನು ಮೆಲ್ಲಗೆ ನುಡಿದ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಗಳಿಗೆ ನೆಲಕ್ಕಿಳಿಯಿತಂತೆ. ಅರ್ಧ ಸತ್ಯ ಕೇಳಿದ ದ್ರೋಣರು ಶಸ್ತ್ರ ಕೆಳಗಿಟ್ಟರು; ಸತ್ತರು. "ಬೇಗ ಬರುತ್ತಾರೆ" ಎಂಬ ಮಾತು ಕೇಳಿದ ಮುದುಕರೂ ಹಾಗೆಯೇ ಶಸ್ತ್ರ ಕೆಳಗಿಡುತ್ತಾರೆ. ಪಕ್ಕದ ಮನೆಯವರನ್ನು ಕರೆಯುವುದಿಲ್ಲ, ಮಗಳ ಮನೆಗೆ ಹೊರಡುವುದಿಲ್ಲ. ಮೆಕ್ಯಾನಿಕ್ ಬಂದು ವಾಪಸು ಹೋದರೆ ಎಂಬ ಅಂಜಿಕೆಯಿಂದ ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡು, ಕಾದ ಮನೆಯಲ್ಲಿ ಕಾಯುತ್ತ ಕೂರುತ್ತಾರೆ. ಆಸೆ ಕೊಟ್ಟು ಕೂರಿಸುವುದಕ್ಕಿಂತ ಇಲ್ಲವೆಂದು ಎಬ್ಬಿಸುವುದು ಎಷ್ಟೋ ಮೇಲು. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ನಮ್ಮ ಜನ ಕೂಡ, ನೂರು ಸುಳ್ಳು ಹೇಳಿ ಒಬ್ಬರನ್ನು ಉರಿಯಲ್ಲಿ ಕೂರಿಸು ಎಂದಿಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಓ ಎಂದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ದೆವ್ವ ಬಾಗಿಲು ಓದಿಕೊಂಡು ಹಿಂದಿರುಗುತ್ತದೆ, ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ದೆವ್ವವನ್ನು ಹೀಗೆ ಯಾಮಾರಿಸಿದರೆ ನಗಬಹುದು. ಮನುಷ್ಯರು ಬಾಗಿಲಿಗೆ ಬಂದಾಗಲೂ ಅದೇ ಬರಹವನ್ನು ತೋರಿಸುವ ಆಫೀಸುಗಳು, ಅಂಗಡಿಗಳು ಎಷ್ಟಿಲ್ಲ! ಕರೆದವರನ್ನು ದೆವ್ವದಂತೆ ಕಾಣುವುದು ಅಂದರೆ ಅದೇ.

ಇನ್ನು ಉಂಡ ಮನೆಯ ಮಾತು. ಅನ್ನದ ಋಣ ದೊಡ್ಡದು, ಒಪ್ಪಿದೆ. ಧಣಿಯ ಗುಟ್ಟು ಕಾಯುವುದು, ಅವನ ಹೆಸರಿಗೆ ಮಸಿ ಬಳಿಯದಿರುವುದು, ಅವನ ಹೊತ್ತು ಪೋಲು ಮಾಡದಿರುವುದು - ಇಷ್ಟು ನಮ್ಮಿಂದ ಅವನಿಗೆ ಸಲ್ಲಬೇಕು. ಆದರೆ ಇನ್ನೊಬ್ಬರ ಪ್ರಾಣವನ್ನು ಪಣವಿಟ್ಟು ಅವನ ಲಾಭ ಕಾಯುವಷ್ಟು ಋಣ ಯಾವ ಅನ್ನಕ್ಕೂ ಇಲ್ಲ. "ನೀನು ಎರಡು ಬಗೆದಿಲ್ಲ. ಆ ಮುದುಕರು ಕರೆದಾಗ ಓ ಎಂದವಳು ನೀನು, ಕಂಪನಿಯಲ್ಲ. ಓ ಎಂದಮೇಲೆ ನಿನ್ನ ಪಾಲಿನ ಋಣ ಅವರ ಕಡೆಗೂ ಹುಟ್ಟಿತು" ಎಂದು ನಾನು ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ಆದರೆ ಅಷ್ಟಕ್ಕೇ ಬಿಡಲಿಲ್ಲ. "ಹಾಗಾದ್ರೆ ಪ್ರತಿ ಸಲ ನಾನೇ ಧೈರ್ಯ ಮಾಡಿ ಸಂಬಳ ಕಳ್ಕೋಬೇಕಾ ಮೇಡಂ?" ಎಂದಳು.

ಆ ಪ್ರಶ್ನೆ ನ್ಯಾಯವಾದದ್ದು. ಗೋವಿನ ಹಾಡಿನ ಪುಣ್ಯಕೋಟಿಯನ್ನು ನಾವು ಮಕ್ಕಳಿಗೆ ಪ್ರತಿ ವರ್ಷ ಹೇಳಿಕೊಡುತ್ತೇವೆ. ಪುಣ್ಯಕೋಟಿ ಹುಲಿಗೆ ಕೊಟ್ಟದ್ದು ತನ್ನ ಮಾತು. ಅದನ್ನು ನಡೆಸುವ ಕಾಲೂ ಅದರದೇ. ಈ ಹುಡುಗಿ ಕೊಡಬೇಕಾಗಿದ್ದು ಬೇರೊಬ್ಬರ ಮಾತು. ನಡೆಸುವ ಕಾಲು ಅವಳದಲ್ಲ. ಮಾತು ಕೊಡುವ ಬಾಯಿಯನ್ನೂ ಮಾತು ನಡೆಸುವ ಕೈಯನ್ನೂ ಬೇರೆ ಮಾಡಿದವರು ಯಾರೋ, ಆ ಸುಳ್ಳಿನ ಹೆಚ್ಚಿನ ಪಾಲು ಅವರದು. ಹಾಳೆಯ ಮೇಲೆ "ಆದಷ್ಟು ಬೇಗ" ಎಂದು ಬರೆದವನ ದನಿಯನ್ನು ಆ ಮುದುಕರು ಎಂದೂ ಕೇಳುವುದಿಲ್ಲ; ಬೈಗುಳ ಅವನ ಕಿವಿಗೆ ಬೀಳುವುದಿಲ್ಲ. ಒಳ್ಳೆಯತನವನ್ನು ಒಬ್ಬೊಬ್ಬ ಹುಡುಗಿಯ ಧೈರ್ಯಕ್ಕೆ ಬಿಡಬಾರದು, ಹಾಳೆಯಲ್ಲೇ ಬರೆದಿಡಬೇಕು. "ಇವತ್ತು ಆಗದಿದ್ದರೆ ಆಗುವುದಿಲ್ಲ ಎಂದು ಹೇಳು" ಎಂಬ ಒಂದು ಸಾಲು ಸಾಕು. ನನ್ನ ತಂಗಿಯ ಫೋನ್ ಎತ್ತಿದಾಕೆಯ ಮುಂದೆ ಬಹುಶಃ ಅಂಥ ಹಾಳೆ ಇತ್ತು.

ಸರದಿಯ ಪ್ರಶ್ನೆಯೂ ಒಂದಿದೆ. ಎಷ್ಟೋ ಕಂಟ್ರಾಕ್ಟರುಗಳು ವರ್ಷಕ್ಕಿಷ್ಟು ಎಂದು ಹಣ ಕಟ್ಟಿದ ಗಿರಾಕಿಗಳಿಗೆ ಮೊದಲ ಸರದಿ ಕೊಡುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಅದು ತಪ್ಪಲ್ಲ. ಮಾತು ಕೊಟ್ಟು ಹಣ ಪಡೆದಿದ್ದಾರೆ. ಆದರೆ ಹಣ ಕಟ್ಟಿದ ಮನೆಯಲ್ಲಿ ಗಟ್ಟಿಮುಟ್ಟಾದ ಇಬ್ಬರು, ಕಟ್ಟದ ಮನೆಯಲ್ಲಿ ಹಸುಗೂಸು ಇದ್ದರೆ? ಆಸ್ಪತ್ರೆಯಲ್ಲಾದರೆ ಹೆಚ್ಚು ನೋಯುವವರನ್ನು ಮೊದಲು ನೋಡುತ್ತಾರೆ. ಅಂಗಡಿಯಲ್ಲಾದರೆ ಮೊದಲು ಬಂದವರಿಗೆ ಮೊದಲು. ಮರುಭೂಮಿಯಲ್ಲಿ ಎ.ಸಿ. ರಿಪೇರಿ ಅಂಗಡಿಯ ಕೆಲಸವೋ, ಆಸ್ಪತ್ರೆಯ ಕೆಲಸವೋ? ಏಪ್ರಿಲ್‌ನಲ್ಲಿ ಅಂಗಡಿಯದು, ಜುಲೈನಲ್ಲಿ ಆಸ್ಪತ್ರೆಯದು ಎಂದು ನನ್ನ ಉತ್ತರ. ಋತು ಬದಲಾದಂತೆ ಧರ್ಮವೂ ಬದಲಾಗುತ್ತದೆ. ಮನೆಯಲ್ಲಿ ಯಾರಿದ್ದಾರೆ ಎಂದು ಫೋನ್ ಎತ್ತಿದವಳು ಕೇಳುವ ಆ ಒಂದು ಪ್ರಶ್ನೆಯಲ್ಲಿ ಅಂಗಡಿ ಆಸ್ಪತ್ರೆಯಾಗಿಬಿಡುತ್ತದೆ.

ಆದರೆ ಕರೆಯುವುದೇ ಇಲ್ಲದವರೂ ಇದ್ದಾರೆ. ರಿಪೇರಿಗೆ ದುಡ್ಡಿಲ್ಲದವರು, ಕರೆಂಟ್ ಬಿಲ್ಲಿಗೆ ಹೆದರಿ ಎ.ಸಿ. ಆರಿಸಿ ಕೂತವರು. 2018ರಲ್ಲಿ ಫೀನಿಕ್ಸಿನ ಹೊರವಲಯದಲ್ಲಿ ಒಬ್ಬ ವೃದ್ಧೆಯ ಮನೆಗೆ 51 ಡಾಲರ್ ಬಾಕಿಯ ಕಾರಣಕ್ಕೆ ಕರೆಂಟ್ ತೆಗೆದರು. ಆಕೆ ಶಾಖಕ್ಕೆ ಸಿಕ್ಕಿ ಸತ್ತರು. ದೊಡ್ಡ ಗಲಾಟೆಯಾಗಿ, 2019ರಲ್ಲಿ ರಾಜ್ಯದ ನಿಯಂತ್ರಣ ಆಯೋಗ ಬೇಸಿಗೆಯಲ್ಲಿ ಬಾಕಿಗಾಗಿ ಕರೆಂಟ್ ತೆಗೆಯುವುದನ್ನು ತಡೆಯಿತು. ಒಂದು ಜೀವ ಹೋದಮೇಲೆ ಸಮಾಜ ಓ ಎಂದಿತು. ಫೋನ್ ಎತ್ತುವವರು ಎಷ್ಟೇ ಒಳ್ಳೆಯವರಾಗಿರಲಿ, ಬಾರಿಸದ ಫೋನನ್ನು ಅವರು ಎತ್ತಲಾರರು. ಅದಕ್ಕೆ ನೆರೆಹೊರೆ ಬೇಕು, ಸರ್ಕಾರ ಬೇಕು.

ಈಚೆಗೆ ಈ ಕೆಲಸಕ್ಕೂ ಯಂತ್ರ ಬಂದಿದೆ. ಕಂಪ್ಯೂಟರ್ ಮನುಷ್ಯರ ದನಿಯಲ್ಲಿ ಮಾತನಾಡುತ್ತದೆ, ವಿಳಾಸ ಬರೆದುಕೊಳ್ಳುತ್ತದೆ, "ನಿಮ್ಮ ಕಷ್ಟ ಅರ್ಥವಾಗುತ್ತದೆ" ಎಂದೂ ಹೇಳುತ್ತದೆ. ನಾನು ಇದನ್ನು ಹಳಿಯಲಾರೆ. 46 ಡಿಗ್ರಿಯ ದಿನ ನಲವತ್ತು ಜನ ಸಾಲಿನಲ್ಲಿ ಕಾಯುತ್ತಿರುವಾಗ, ದಣಿಯದೆ, ರೇಗದೆ, ಎಲ್ಲರಿಗೂ ಒಟ್ಟಿಗೆ ಉತ್ತರಿಸುವ ಯಂತ್ರ ಬಾರಿಸುತ್ತಲೇ ಇರುವ ಫೋನಿಗಿಂತ ಲೇಸು. ಬೆಳಗಿನ ಜಾವ ನಾಲ್ಕೂವರೆಗೆ ಶಾಲು ಹೊದ್ದು ಬೈಗುಳ ತಿನ್ನುವ ಹುಡುಗಿಯೊಬ್ಬಳು ಆ ಹೊತ್ತಿನಲ್ಲಿ ನಿದ್ದೆ ಮಾಡುವಂತಾದರೆ ಅದೂ ಒಳ್ಳೆಯದೇ, ಅವಳ ಅನ್ನಕ್ಕೆ ಬೇರೆ ದಾರಿಯಿದ್ದರೆ. ನನ್ನ ಅಳುಕು ಒಂದೇ. ಯಂತ್ರಕ್ಕೆ ಹಾಳೆಯಲ್ಲಿ ಏನು ಬರೆದುಕೊಟ್ಟರೆ ಅದನ್ನೇ ಹೇಳುತ್ತದೆ. "ಆದಷ್ಟು ಬೇಗ" ಎಂದು ಬರೆದರೆ ಲಕ್ಷ ಸಲ ಹಾಗೇ ಹೇಳುತ್ತದೆ. ಇನಾಮು ಕಳೆದುಕೊಂಡರೂ ಸರಿ ಎಂದು ಒಂದು ದಿನ ನಿಜ ಹೇಳಿಬಿಡುವುದಿಲ್ಲ. ದೀಪಾವಳಿಗೆ ಊರಿಗೆ ಬಂದು, ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂದು ಮೇಡಂ ಮನೆಗೆ ಕೇಳಲು ಬರುವುದಿಲ್ಲ. ಹಾಗಾಗಿ ಹಾಳೆ ಬರೆಯುವವನ ಹೊಣೆ ಮೊದಲಿಗಿಂತ ನೂರು ಪಾಲು ಹೆಚ್ಚಿತು. ಅವನನ್ನು ಹೆಸರು ಹಿಡಿದು ಕೇಳುವ ಹಕ್ಕು ನಮಗಿರಬೇಕು.

ನನ್ನ ವಿದ್ಯಾರ್ಥಿನಿ ಮರುವರ್ಷ ಆ ಕೆಲಸ ಬಿಟ್ಟಳು. ಈಗ ಒಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿದ್ದಾಳೆ, ತನ್ನದೇ ಹೆಸರಿನಲ್ಲಿ. ಡಾಕ್ಟರು ಬರುವುದಿಲ್ಲವೆಂದರೆ ಬರುವುದಿಲ್ಲ ಎನ್ನುತ್ತಾಳಂತೆ. ಬೇರೆ ಯಾರನ್ನು ಕಾಣಬಹುದೆಂದೂ ಹೇಳುತ್ತಾಳಂತೆ.

ನಮ್ಮ ಊರುಗಳಲ್ಲೂ ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ. ಫ್ಯಾನ್ ಕೆಟ್ಟರೆ, ನೀರಿನ ಮೋಟರ್ ಸುಟ್ಟರೆ ನಾವೂ ಫೋನ್ ಹಿಡಿದು ಕೂರುತ್ತೇವೆ. ಮುಂದಿನ ಸಲ ರಿಪೇರಿಯವನ ಹೆಂಡತಿ ಫೋನ್ ಎತ್ತಿ "ಅವರು ಮನೇಲಿಲ್ಲ ಕಣಮ್ಮ, ಇವತ್ತು ಆಗೋದೂ ಇಲ್ಲ" ಎಂದರೆ ಸಿಡುಕಬೇಡಿ. ಆಕೆ ನಿಮಗೆ ನಿಜ ಹೇಳಿದ್ದಾಳೆ. ಒಂದು ಸಂಜೆಯ ಕಾಯುವಿಕೆಯನ್ನು ಉಳಿಸಿದ್ದಾಳೆ. ಅವಳ ಹೆಸರೇನೆಂದು ಕೇಳಿ ತಿಳಿದುಕೊಳ್ಳಿ.